ಬಾಲಿಯ ಹುಡುಗ ನ್ಯೂಯಾರ್ಕ್ ತಲುಪಿದ್ದು ಬರೀ ವಿಡಿಯೊದಿಂದಲ್ಲ

ಪ್ರಶ್ನೆ: ನಾವು ಶಿವಮೊಗ್ಗದವರು. ಮಗಳಿಗೆ ಒಂಬತ್ತು ವರ್ಷ. ಮೂರು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದಾಳೆ, ಎರಡು ಗ್ರೇಡ್ ಪರೀಕ್ಷೆ ಮುಗಿಸಿದ್ದಾಳೆ. ಜೊತೆಗೆ ಕರ್ನಾಟಕ ಸಂಗೀತದ ಪಾಠವೂ ಇದೆ. ಇಂಡೋನೇಷ್ಯಾದ ಜೋಯಿ ಅಲೆಕ್ಸಾಂಡರ್ ಚಿಕ್ಕ ಹುಡುಗನಾಗಿದ್ದಾಗ ನುಡಿಸಿದ ಜ್ಯಾಝ್ ಪಿಯಾನೊ ವಿಡಿಯೊ ನೋಡಿದಾಗಿನಿಂದ ಅವಳಿಗೆ ಅದೇ ಗುಂಗು. ಒಂದು ಯೂಟ್ಯೂಬ್ ವಿಡಿಯೊದಿಂದ ಅವನು ಹನ್ನೆರಡನೇ ವಯಸ್ಸಿಗೆ ಗ್ರ್ಯಾಮಿ ವೇದಿಕೆಗೆ ಹೋದ ಎನ್ನುತ್ತಾರೆ. ನಿಜವೇ? ಜ್ಯಾಝ್ ಹೇಳಿಕೊಡುವವರೇ ಇಲ್ಲದ ಊರಿನಲ್ಲಿ ಎಲ್ಲಿಂದ ಶುರು ಮಾಡುವುದು? ಈಗಲೇ ವಿಡಿಯೊ ಹಾಕಬೇಕೆ?

ಉತ್ತರ: ಅರ್ಧ ನಿಜ. ವಿಡಿಯೊ ಇರದಿದ್ದರೆ ನ್ಯೂಯಾರ್ಕಿನ ಕಿವಿಗೆ ಅವನು ಅಷ್ಟು ಬೇಗ ಬೀಳುತ್ತಿರಲಿಲ್ಲ. ಆದರೆ ಆ ವಿಡಿಯೊದಲ್ಲಿ ಕೇಳಿಸಿದ್ದು ನಾಲ್ಕು ವರ್ಷ ಕಿವಿಯಿಂದ ಕಲಿತ, ತನಗಿಂತ ಇಪ್ಪತ್ತು–ಮೂವತ್ತು ವರ್ಷ ದೊಡ್ಡವರ ಜೊತೆ ಕೂತು ನುಡಿಸಿದ ಕೈ. ನಿಮ್ಮ ಮಗಳ ವಿಷಯದಲ್ಲೂ ಗಮನ ಕೊಡಬೇಕಾದದ್ದು ಈ ಎರಡಕ್ಕೆ: ಕಿವಿ ಮತ್ತು ಸಹವಾಸ.

ಮೊದಲು ಆ ಹುಡುಗನ ದಾರಿ ನೋಡೋಣ, ಏಕೆಂದರೆ ಅವನು ಹುಟ್ಟಿದ ಊರಿನ ಸ್ಥಿತಿಯೂ ನಿಮ್ಮ ಊರಿನದಕ್ಕಿಂತ ತುಂಬಾ ಬೇರೆಯಲ್ಲ. ಜೋಯಿ ಹುಟ್ಟಿದ್ದು 2003ರ ಜೂನ್ 25ರಂದು, ಬಾಲಿಯ ಡೆನ್‌ಪಸಾರ್‌ನಲ್ಲಿ. ಪ್ರವಾಸಿಗರ ಊರು, ಮಗುವಿಗೆ ಜ್ಯಾಝ್ ಕಲಿಸುವ ಶಾಲೆಯೆಂಬುದು ಅಲ್ಲಿ ಕೈಗೆಟುಕುವಂತಿರಲಿಲ್ಲ. ಇದ್ದದ್ದು ಹವ್ಯಾಸಿ ಸಂಗೀತಗಾರನಾದ ಅಪ್ಪ, ಮತ್ತು ಅಪ್ಪನ ಜ್ಯಾಝ್ ಆಲ್ಬಮ್‌ಗಳು. ಆರನೇ ವಯಸ್ಸಿಗೆ ಅಪ್ಪ ಒಂದು ಪುಟ್ಟ ಎಲೆಕ್ಟ್ರಿಕ್ ಕೀಬೋರ್ಡ್ ತಂದುಕೊಟ್ಟರು. ಆಲ್ಬಮ್ ಕೇಳಿ ಕೇಳಿ ಅಮೆರಿಕದ ಜ್ಯಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್‌ನ ‘ವೆಲ್, ಯೂ ನೀಡಂಟ್’ ಅನ್ನು ಹುಡುಗ ಕಿವಿಯಿಂದಲೇ ಹುಡುಕಿ ನುಡಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ರಚನೆ ಮಗುವಿನ ಕಿವಿಗೆ ಸಿಕ್ಕಿದ್ದು ಹೇಗೆ ಎಂದು ತಿಳಿದರೆ ನಿಮ್ಮ ಅರ್ಧ ಪಠ್ಯಕ್ರಮ ಸಿದ್ಧವಾದಂತೆ. ಅದು 32 ಬಾರ್‌ಗಳ ರಚನೆ, ಎಂಟೆಂಟು ಬಾರ್‌ಗಳ ನಾಲ್ಕು ತುಂಡು. ಬಾರ್ ಎಂದರೆ ಇಲ್ಲಿ ನಾಲ್ಕು ಪೆಟ್ಟಿನ ಒಂದು ಅಳತೆ. ಮೊದಲ, ಎರಡನೇ ಮತ್ತು ಕೊನೆಯ ತುಂಡುಗಳು ಒಂದೇ; ಮೂರನೆಯದು ಮಾತ್ರ ಬೇರೆ. ಆ ಒಂದೇ ಆಗಿರುವ ತುಂಡಿನಲ್ಲಿ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ಹಿಡಿಯುವ ಸ್ವರಗಳ ಗುಚ್ಛ, ಮುಖ್ಯವಾಗಿ ಎರಡು ಜಾಗದ ನಡುವೆ ತೂಗುತ್ತದೆ: ಎಫ್ ಮತ್ತು ಅದರ ಪಕ್ಕದ ಜಿ-ಫ್ಲ್ಯಾಟ್. ನಿಮ್ಮ ಮಗಳ ಭಾಷೆಯಲ್ಲಿ ಹೇಳುವುದಾದರೆ ಷಡ್ಜ ಮತ್ತು ಶುದ್ಧ ರಿಷಭ. ಮಾಯಾಮಾಳವಗೌಳದ ಸರಳೆ ಹಾಡಿದ ಯಾವ ಮಗುವಿಗೂ ಆ ಅಂತರ ಗೊತ್ತು. ಕೇಳಲು ವಿಚಿತ್ರ, ಹುಡುಕಲು ಹತ್ತಿರ, ಮತ್ತೆ ಮತ್ತೆ ಬರುವುದರಿಂದ ತಪ್ಪಿದರೂ ಮುಂದಿನ ಸುತ್ತಿನಲ್ಲಿ ಸರಿಮಾಡಿಕೊಳ್ಳಬಹುದು. ಮೊದಲ ಹಾಡು ಹೀಗಿರಬೇಕು. ವೇಗವಾದದ್ದನ್ನು, ಹತ್ತು ಕಾರ್ಡ್ ಇರುವುದನ್ನು ಮೊದಲೇ ಕೊಟ್ಟರೆ ಮಗು ಕಿವಿ ಬಿಟ್ಟು ಬೆರಳಿನ ಜಾಗ ನೋಡಿ ಬಾಯಿಪಾಠ ಮಾಡುತ್ತದೆ. ಅಲ್ಲಿಗೆ ಜ್ಯಾಝ್ ಮುಗಿಯಿತು.

ಬಾಲಿಯಲ್ಲೂ ಆಮೇಲೆ ಜಕಾರ್ತಾದಲ್ಲೂ ಅಪ್ಪ ಅವನನ್ನು ಹಿರಿಯ ಸಂಗೀತಗಾರರ ಜ್ಯಾಮ್‌ಗಳಿಗೆ, ಅಂದರೆ ಮೊದಲೇ ತಾಲೀಮಿಲ್ಲದೆ ಒಟ್ಟಿಗೆ ನುಡಿಸುವ ಕೂಟಗಳಿಗೆ, ಕರೆದೊಯ್ದರು. ಎಂಟನೇ ವಯಸ್ಸಿನ ಹೊತ್ತಿಗೆ ಕುಟುಂಬ ಬಾಲಿಯ ವ್ಯವಹಾರ ಬಿಟ್ಟು ಜಕಾರ್ತಾಕ್ಕೆ ಬಂದದ್ದೇ ಜೊತೆಗೆ ನುಡಿಸುವವರು ಅಲ್ಲಿ ಹೆಚ್ಚು ಎಂಬ ಕಾರಣಕ್ಕೆ. 2011ರಲ್ಲಿ ಪಿಯಾನೊ ದಿಗ್ಗಜ ಹರ್ಬಿ ಹ್ಯಾನ್‌ಕಾಕ್ ಜಕಾರ್ತಾಕ್ಕೆ ಬಂದಾಗ ಅವರೆದುರು ಒಬ್ಬನೇ ನುಡಿಸಲು ಯುನೆಸ್ಕೊ ಈ ಹುಡುಗನನ್ನು ಕರೆಯಿತು. 2013ರಲ್ಲಿ ಉಕ್ರೇನಿನ ಒಡೆಸಾದಲ್ಲಿ ನಡೆದ ಜ್ಯಾಝ್ ಮನೋಧರ್ಮದ, ಅಂದರೆ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ಕಲೆಯ, ಅಂತಾರಾಷ್ಟ್ರೀಯ ಸ್ಪರ್ಧೆ ಮಕ್ಕಳ ವಿಭಾಗವಲ್ಲ, ಎಲ್ಲ ವಯಸ್ಸಿನವರದು. 17 ದೇಶಗಳ 43 ಸಂಗೀತಗಾರರಲ್ಲಿ ಅಗ್ರ ಬಹುಮಾನವಾದ ಗ್ರಾಂಡ್ ಪ್ರಿ ಗೆದ್ದಾಗ ಅವನಿಗೆ ಒಂಬತ್ತು.

ವಿಡಿಯೊ ಬರುವುದು ಇದೆಲ್ಲ ಆದ ಮೇಲೆ. ನ್ಯೂಯಾರ್ಕಿನ ‘ಜ್ಯಾಝ್ ಅಟ್ ಲಿಂಕನ್ ಸೆಂಟರ್’ ಸಂಸ್ಥೆಯ ಕಲಾ ನಿರ್ದೇಶಕ, ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್‌ಗೆ ಸ್ನೇಹಿತರೊಬ್ಬರ ಮೂಲಕ ಅದು ಕಣ್ಣಿಗೆ ಬಿತ್ತು. 2014ರ ಮೇ ತಿಂಗಳ ಗಾಲಾ ಕಛೇರಿಗೆ ಅವರು ಹುಡುಗನನ್ನು ಕರೆಸಿದರು. ಅಲ್ಲಿ ಅವನು ಒಬ್ಬನೇ ನುಡಿಸಿದ್ದು ಮಾಂಕ್‌ನದೇ ‘ರೌಂಡ್ ಮಿಡ್‌ನೈಟ್’. ಆಯ್ಕೆ ಗಮನಿಸಿ. ಅದು ಬೆರಳಿನ ವೇಗ ತೋರಿಸುವ ರಚನೆಯಲ್ಲ. ನಿಧಾನ, ಇ-ಫ್ಲ್ಯಾಟ್ ಮೈನರ್‌ನಲ್ಲಿ, ಕಪ್ಪು ಕೀಗಳ ನಡುವೆಯೇ ಓಡಾಡುವಂಥದ್ದು. ಡ್ರಮ್ಸ್ ಇಲ್ಲ, ಕೆಳಸ್ವರ ಹಿಡಿಯುವ ಬೇಸ್ ವಾದ್ಯ ಇಲ್ಲ. ಎರಡು ಸ್ವರದ ನಡುವಿನ ಮೌನವನ್ನೂ ತಾನೇ ಹೊರಬೇಕು. ವಿಳಂಬ ಕಾಲದಲ್ಲಿ ಬಣ್ಣ ಬೇಗ ಬಯಲಾಗುತ್ತದೆ ಎಂಬುದು ನಮ್ಮ ಸಂಗೀತದವರಿಗೆ ಹೇಳಿಕೊಡಬೇಕಿಲ್ಲ.

ಮುಂದಿನದು ವೇಗವಾಗಿ ನಡೆಯಿತು. ಕುಟುಂಬ ನ್ಯೂಯಾರ್ಕಿಗೆ ಬಂತು. 2015ರ ಮೇ ತಿಂಗಳಲ್ಲಿ ಮೊಟೇಮಾ ಕಂಪನಿಯಿಂದ ಮೊದಲ ಆಲ್ಬಮ್ ‘ಮೈ ಫೇವರಿಟ್ ಥಿಂಗ್ಸ್’ ಹೊರಬಂತು. ನಿರ್ಮಾಪಕರು ಜೇಸನ್ ಒಲೇನ್. ಬೇಸ್‌ನಲ್ಲಿ ಲ್ಯಾರಿ ಗ್ರೆನೇಡಿಯರ್, ಡ್ರಮ್ಸ್‌ನಲ್ಲಿ ಯುಲಿಸಿಸ್ ಓವೆನ್ಸ್ ಜೂನಿಯರ್ ಅಂಥವರು ಜೊತೆಗಿದ್ದರು. ಹನ್ನೊಂದು ವರ್ಷದ ಹುಡುಗನ ಹಿಂದೆ ಇಂಥವರನ್ನು ಕೂರಿಸಿದ್ದು ಮಾರಾಟದ ಲೆಕ್ಕಾಚಾರ ಮಾತ್ರ ಎಂದು ನನಗನ್ನಿಸುವುದಿಲ್ಲ. ಒಳ್ಳೆಯ ಮೃದಂಗದವರು ಎಳೆಯ ಗಾಯಕಿಯನ್ನು ಹೇಗೆ ಎತ್ತಿ ಹಿಡಿಯುತ್ತಾರೋ ಹಾಗೆ ಒಳ್ಳೆಯ ಬೇಸ್ ವಾದಕ ಪಿಯಾನೊದವರನ್ನು ನಿಲ್ಲಿಸುತ್ತಾನೆ. ಆ ಆಲ್ಬಮ್‌ಗೆ ಎರಡು ಗ್ರ್ಯಾಮಿ ನಾಮನಿರ್ದೇಶನ ಬಂದವು: ವಾದ್ಯ ಜ್ಯಾಝ್ ಆಲ್ಬಮ್‌ಗೆ ಒಂದು, ‘ಜಯಂಟ್ ಸ್ಟೆಪ್ಸ್’ನಲ್ಲಿ ನುಡಿಸಿದ ಮನೋಧರ್ಮಕ್ಕೆ ಇನ್ನೊಂದು. 2016ರ ಫೆಬ್ರವರಿಯ ಸಮಾರಂಭದಲ್ಲಿ ನೇರಪ್ರಸಾರದ ವೇದಿಕೆಯ ಮೇಲೂ ನುಡಿಸಿದ. ಪ್ರಶಸ್ತಿ ಬರಲಿಲ್ಲ. ಅದು ಬೇರೆಯವರಿಗೆ ಹೋಯಿತು, ಅವನ ದಾರಿಗೆ ಅದರಿಂದ ಅಡ್ಡಿಯೇನೂ ಆಗಲಿಲ್ಲ.

‘ಜಯಂಟ್ ಸ್ಟೆಪ್ಸ್’ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಆ ನಾಮನಿರ್ದೇಶನದ ತೂಕ ತಿಳಿಯುವುದಿಲ್ಲ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1959ರಲ್ಲಿ ರೆಕಾರ್ಡ್ ಮಾಡಿದ ಈ ರಚನೆಯಲ್ಲಿ 16 ಬಾರ್‌ಗಳಿಗೆ 26 ಕಾರ್ಡ್. ಮೂಲ ರೆಕಾರ್ಡಿನ ವೇಗ ನಿಮಿಷಕ್ಕೆ ಸುಮಾರು 290 ಪೆಟ್ಟು. ಲೆಕ್ಕ ಹಾಕಿ: ಇಡೀ ಒಂದು ಸುತ್ತು ಸುಮಾರು 13 ಸೆಕೆಂಡಿನಲ್ಲಿ ಮುಗಿಯುತ್ತದೆ, ಬಾರ್‌ಗೆ ಎರಡು ಕಾರ್ಡ್ ಇರುವಲ್ಲಿ ಒಂದೊಂದಕ್ಕೆ ಅರ್ಧ ಸೆಕೆಂಡೂ ಇಲ್ಲ. ಅದರ ಮೇಲೆ ಷಡ್ಜ ಮೂರು ಕಡೆ ಜಿಗಿಯುತ್ತದೆ: ಬಿ, ಜಿ, ಇ-ಫ್ಲ್ಯಾಟ್. ಒಂದರಿಂದ ಇನ್ನೊಂದಕ್ಕೆ ಇರುವ ದೂರ ಸರಿಯಾಗಿ ಒಂದು ಅಂತರ ಗಾಂಧಾರದಷ್ಟು. ಇದನ್ನು ಗ್ರಹಭೇದಕ್ಕೆ ಹೋಲಿಸುವವರಿದ್ದಾರೆ, ಆದರೆ ಅಲ್ಲೊಂದು ವ್ಯತ್ಯಾಸವಿದೆ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಅವೇ ಉಳಿದು ಷಡ್ಜದ ಭಾವ ಮಾತ್ರ ಸರಿಯುತ್ತದೆ. ಇಲ್ಲಿ ಷಡ್ಜದ ಜೊತೆ ಸ್ವರಸಮೂಹವೇ ಬದಲಾಗುತ್ತದೆ. ಮೂಲ ರೆಕಾರ್ಡಿನಲ್ಲಿ ಪಿಯಾನೊ ನುಡಿಸಿದ ಟಾಮಿ ಫ್ಲ್ಯಾನಗನ್‌ರಂಥ ಪಳಗಿದ ಕೈಯೇ ತನ್ನ ಸರದಿಯಲ್ಲಿ ತಡವರಿಸಿದ್ದು ಇಂದಿಗೂ ಕೇಳಿಸುತ್ತದೆ. ನಿಮ್ಮ ಮಗಳು ನೋಡಿದ್ದು ಈ ವಿಡಿಯೊವೇ ಆಗಿದ್ದರೆ, ದಯವಿಟ್ಟು ಅಲ್ಲಿಂದ ಶುರು ಮಾಡಲು ಬಿಡಬೇಡಿ.

ಈಗ ಮನೆಯ ವಿಷಯ.

ವಾದ್ಯ ಮೊದಲು. ನಮ್ಮಲ್ಲಿ ಎಲ್ಲ ಕೀಬೋರ್ಡನ್ನೂ ಕ್ಯಾಸಿಯೊ ಎಂದೇ ಕರೆದುಬಿಡುತ್ತೇವೆ, ಆದರೆ ಎರಡು ಜಾತಿಯ ವಾದ್ಯಗಳಿವೆ. 61 ಕೀಗಳ ಹಗುರ ವಾದ್ಯ ಒಂದು, 88 ಭಾರದ ಕೀಗಳ ಡಿಜಿಟಲ್ ಪಿಯಾನೊ ಇನ್ನೊಂದು. ಮೊದಲ ವರ್ಷ 61 ಸಾಕು, ಆದರೆ ಜೋರಾಗಿ ಒತ್ತಿದರೆ ಜೋರು, ಮೆಲ್ಲಗೆ ಒತ್ತಿದರೆ ಮೆಲು ಬರಬೇಕು. ಆ ಟಚ್ ಸೌಲಭ್ಯ ಇಲ್ಲದಿದ್ದರೆ ಜ್ಯಾಝ್‌ನ ಉಸಿರೇ ಕೈಗೆ ಸಿಗುವುದಿಲ್ಲ. ಆಮೇಲೆ ಆಟೊ ರಿದಂ, ‘ಸ್ಟೈಲ್’ ಗುಂಡಿ ಮುಟ್ಟುವುದನ್ನು ನಿಲ್ಲಿಸಿ. ಎಡಗೈಯ ಒಂದು ಬೆರಳು ಒತ್ತಿದರೆ ಯಂತ್ರವೇ ಬೇಸ್, ಡ್ರಮ್ಸ್, ಕಾರ್ಡ್ ಎಲ್ಲ ನುಡಿಸಿಬಿಡುತ್ತದೆ. ಶಾಲಾ ವಾರ್ಷಿಕೋತ್ಸವಕ್ಕೆ ಚೆಂದ, ಆದರೆ ಆ ಮಗುವಿನ ಎಡಗೈ ಐದು ವರ್ಷವಾದರೂ ಬೆಳೆಯುವುದಿಲ್ಲ. ಕೂರುವ ಎತ್ತರ ಮೊಣಕೈ ಕೀಗಳ ಮಟ್ಟಕ್ಕೆ ಬರುವಷ್ಟಿರಲಿ. ಊಟದ ಕುರ್ಚಿಯ ಮೇಲೆ ಕೂತು ಕೈ ಎತ್ತಿ ನುಡಿಸುವ ಮಕ್ಕಳಿಗೆ ಹೆಗಲು, ಮಣಿಕಟ್ಟು ನೋಯುವುದು ಮಾಮೂಲು. ನೋವು ಬಂದರೆ ಅಂದಿಗೆ ನಿಲ್ಲಿಸಬೇಕು, ಸಹಿಸಿಕೊಂಡು ನುಡಿಸಬಾರದು.

ಒಂಬತ್ತರ ಕೈ ಚಿಕ್ಕದು. ಒಂದು ಬಿಳಿ ಕೀ ಸುಮಾರು 23.5 ಮಿಲಿಮೀಟರ್ ಅಗಲ. ಸ ದಿಂದ ಮೇಲಿನ ಸ ವರೆಗೆ ಎಂಟು ಕೀ, ಸುಮಾರು 19 ಸೆಂಟಿಮೀಟರ್. ಆ ಅಳತೆಗೆ ಕೈ ಚಾಚಿಸಬೇಡಿ. ಜ್ಯಾಝ್ ಎಡಗೈಗೆ ಅದು ಬೇಕಾಗಿಯೂ ಇಲ್ಲ, ಎರಡೇ ಸ್ವರ ಸಾಕು. ಇದನ್ನು ಇವತ್ತೇ ಮಾಡಿಸಿ ನೋಡಿ. ಸಿ ಕೀಯನ್ನು ಸ ಎಂದಿಟ್ಟುಕೊಂಡು, ಎಡಗೈಯಲ್ಲಿ ಶುದ್ಧ ಮಧ್ಯಮ ಮತ್ತು ಅದರ ಮೇಲಿನ ಷಡ್ಜವನ್ನು ಒಟ್ಟಿಗೆ ಒತ್ತಿ ನಾಲ್ಕು ಎಣಿಸಲಿ. ಈಗ ಮಧ್ಯಮ ಹಾಗೇ ಇರಲಿ, ಷಡ್ಜ ಮಾತ್ರ ಪಕ್ಕದ ಕಾಕಲಿ ನಿಷಾದಕ್ಕೆ ಇಳಿಯಲಿ; ಮತ್ತೆ ನಾಲ್ಕು. ಆಮೇಲೆ ನಿಷಾದ ಹಾಗೇ ಇರಲಿ, ಮಧ್ಯಮ ಅಂತರ ಗಾಂಧಾರಕ್ಕೆ ಇಳಿಯಲಿ, ಎಂಟು ಎಣಿಸಿ. ಮ–ಸ, ಮ–ನಿ, ಗ–ನಿ. ಪ್ರತಿ ಸಲ ಒಂದೇ ಬೆರಳು, ಒಂದೇ ಕೀಯಷ್ಟು ಜಾರುತ್ತದೆ. ಈ ಮೂರು ಹೆಜ್ಜೆ ಜ್ಯಾಝ್‌ನ ಸಾವಿರಾರು ರಚನೆಗಳ ಬೆನ್ನೆಲುಬು. ಅವರು ಇದನ್ನು ಟು-ಫೈವ್-ಒನ್ ಎನ್ನುತ್ತಾರೆ. ನಿಮ್ಮಲ್ಲೊಬ್ಬರು ಇನ್ನೊಂದು ತುದಿಯಲ್ಲಿ ಕೂತು ಕೆಳಸ್ಥಾಯಿಯಲ್ಲಿ ಚತುಶ್ರುತಿ ರಿ, ಪ, ಸ ಎಂದು ಒಂದೊಂದೇ ಸ್ವರ ಒತ್ತಿಕೊಡಿ; ಎರಡು ಸ್ವರದ ಬೊಂಬೆ ದಿಢೀರನೆ ಉಸಿರಾಡತೊಡಗುವುದು ಕೇಳಿಸುತ್ತದೆ. ಬೇಸ್ ವಾದಕರ ಕೆಲಸ ಅದೇ. ಇದನ್ನು ಮೊದಲು ಸಿ, ಎಫ್, ಬಿ-ಫ್ಲ್ಯಾಟ್ ಎಂಬ ಮೂರು ಶ್ರುತಿಯಲ್ಲಿ ಮಾಡಿಸಿ, ತಿಂಗಳಿಗೊಂದು ಹೊಸ ಶ್ರುತಿ ಸೇರಿಸುತ್ತಾ ಹೋಗಿ. ಯಂತ್ರದ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಶ್ರುತಿ ಬದಲಿಸುವುದು ಮೋಸ. ಕೈಯೇ ಜಾಗ ಬದಲಿಸಬೇಕು.

ದಿನಕ್ಕೆ ಒಂದು ಗಂಟೆ ಇದ್ದರೆ ಮೊದಲ ಕಾಲು ಗಂಟೆ ವಾದ್ಯ ಮುಟ್ಟದೆ ಕೇಳಲಿ. ಒಂದೇ ರಚನೆ, ವಾರವಿಡೀ. ಮುಂದಿನ ಇಪ್ಪತ್ತು ನಿಮಿಷ ಆ ರೆಕಾರ್ಡಿನಿಂದ ಎರಡು ಅಥವಾ ನಾಲ್ಕು ಬಾರ್‌ಗಳ ಒಂದು ತುಣುಕು ತೆಗೆಯುವ ಕೆಲಸ. ಕ್ರಮ ತಪ್ಪಬಾರದು: ಮೊದಲು ರೆಕಾರ್ಡಿನ ಜೊತೆ ಬಾಯಲ್ಲಿ ಹಾಡಬೇಕು, ಆಮೇಲೆ ರೆಕಾರ್ಡ್ ನಿಲ್ಲಿಸಿ ಹಾಡಬೇಕು, ಆಮೇಲೆ ಕೀಯಲ್ಲಿ ಹುಡುಕಬೇಕು, ಬರೆದುಕೊಳ್ಳುವುದು ಕೊನೆಗೆ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೋ 0.5ಕ್ಕೋ ಇಳಿಸಿದರೆ ಶ್ರುತಿ ಬದಲಾಗುವುದಿಲ್ಲ, ಅದನ್ನು ಬಳಸಿಕೊಳ್ಳಿ. ನೊಟೇಶನ್ ಡೌನ್‌ಲೋಡ್ ಮಾಡಿ ಕೊಟ್ಟರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಕಿವಿ ಏನೂ ಕಲಿತಿರುವುದಿಲ್ಲ. ಉಳಿದ ಹೊತ್ತಿನಲ್ಲಿ ಅರ್ಧ ಮೇಲೆ ಹೇಳಿದ ಎಡಗೈಗೆ, ಇನ್ನರ್ಧ ಅವಳಿಗೆ ಇಷ್ಟ ಬಂದಂತೆ ನುಡಿಸಲು. ಆ ಕೊನೆಯ ಹತ್ತು–ಹನ್ನೆರಡು ನಿಮಿಷ ಯಾರೂ ತಿದ್ದಬಾರದು.

ಲಯದಲ್ಲಿ ಒಂದು ಮಾತು. ಕರ್ನಾಟಕ ಸಂಗೀತ ಕಲಿತ ಮಕ್ಕಳು ಸಹಜವಾಗಿ ಮೊದಲ ಪೆಟ್ಟಿಗೆ ಭಾರ ಹಾಕುತ್ತಾರೆ. ಜ್ಯಾಝ್‌ನಲ್ಲಿ ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಲಯ ಎಣಿಸಿಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಅದರ ಪ್ರತಿ ಟಕ್ ಎರಡು, ನಾಲ್ಕು ಎಂದು ಭಾವಿಸಿ ಒಂದು, ಮೂರನ್ನು ತಾವೇ ತುಂಬಿಕೊಳ್ಳಬೇಕು. ಆಗ ನಿಜವಾದ ವೇಗ 120 ಆಗುತ್ತದೆ. ಮೊದಲ ಎರಡು ವಾರ ಇದು ಜಾರಿ ಮತ್ತೆ ಒಂದಕ್ಕೇ ಬಂದು ಕೂರುತ್ತದೆ, ಗಾಬರಿಯಾಗಬೇಡಿ. ಜ್ಯಾಝ್‌ನ ತೂಗುವ ಲಯವಾದ ಸ್ವಿಂಗ್ ಎಂಬುದನ್ನು ತಿಶ್ರ ನಡೆಯ ಮೂರು ಮಾತ್ರೆಯಲ್ಲಿ ಮೊದಲೆರಡು ಕೂಡಿಸಿ ಹಿಡಿದಂತೆ ಎಂದು ಹೇಳಿಕೊಟ್ಟರೆ ಅವಳಿಗೆ ಬೇಗ ಹತ್ತುತ್ತದೆ. ಆದರೆ ವೇಗ ಹೆಚ್ಚಿದಂತೆ ಆ ಅಸಮತೆ ಕರಗಿ ಎರಡೂ ಸಮಕ್ಕೆ ಹತ್ತಿರವಾಗುತ್ತವೆ; ಅಲ್ಲೂ ತಿಶ್ರವನ್ನೇ ಹಿಡಿದರೆ ಕುದುರೆ ಓಡಿದಂತೆ ಕೇಳಿಸುತ್ತದೆ. ಕಲ್ಪನಾಸ್ವರದ ಅಭ್ಯಾಸ ಇಲ್ಲಿ ದೊಡ್ಡ ಆಸ್ತಿ, ಕರ್ನಾಟಕ ಸಂಗೀತದ ಪಾಠ ಬಿಡಿಸಬೇಡಿ. ರುದ್ರಪಟ್ಟಣದಲ್ಲಿ ಹುಟ್ಟಿ ಬಾಲಕನಾಗಿಯೇ ಹೆಸರಾದ ಕೊಳಲು ವಾದಕ ಶಶಾಂಕ್ ಸುಬ್ರಹ್ಮಣ್ಯಂ ಮುಂದೆ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಜೊತೆ ನುಡಿಸಿದ್ದು ಈ ತಳಪಾಯದ ಮೇಲೆಯೇ.

ಸಹವಾಸದ ಪ್ರಶ್ನೆ ಕಷ್ಟದ್ದು. ಐರಿಯಲ್ ಪ್ರೋದಂಥ ಆ್ಯಪ್‌ಗಳು ಕಾರ್ಡ್ ಕೊಟ್ಟರೆ ಬೇಸ್, ಡ್ರಮ್ಸ್ ನುಡಿಸಿಕೊಡುತ್ತವೆ, ಮನೆಯ ಅಭ್ಯಾಸಕ್ಕೆ ಒಳ್ಳೆಯದು. ಆದರೆ ಆ್ಯಪ್ ನಿಮ್ಮ ಮಗಳನ್ನು ಕೇಳಿಸಿಕೊಳ್ಳುವುದಿಲ್ಲ. ಅವಳು ಮೆಲ್ಲಗಾದರೆ ಅದು ಮೆಲ್ಲಗಾಗುವುದಿಲ್ಲ, ತಪ್ಪಿದರೆ ಕಾಯುವುದಿಲ್ಲ. ಶಿವಮೊಗ್ಗದಲ್ಲೇ ಚರ್ಚಿನಲ್ಲಿ ಬೇಸ್ ಗಿಟಾರ್ ನುಡಿಸುವವರು, ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುವವರು ಸಿಗುತ್ತಾರೆ. ಅವರಿಗೆ ಜ್ಯಾಝ್ ಗೊತ್ತಿರಬೇಕೆಂದಿಲ್ಲ. ಹನ್ನೆರಡು ಬಾರ್‌ಗಳ ಬ್ಲೂಸ್ ಎಂಬ ಸರಳ ರಚನೆಯೊಂದನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಒಟ್ಟಿಗೆ ನುಡಿಸಿದರೂ ಆ್ಯಪ್‌ನ ಹತ್ತು ಗಂಟೆಗಿಂತ ಮೇಲು. ಆರು ತಿಂಗಳಾದ ಮೇಲೆ, ಐದು ರಚನೆ ಪುಸ್ತಕ ನೋಡದೆ ಬಂದರೆ, ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ. ರಾತ್ರಿಯ ಜ್ಯಾಮ್‌ಗಳು ಬಹುಪಾಲು ಮದ್ಯ ಮಾರುವ ಜಾಗಗಳಲ್ಲಿ ನಡೆಯುತ್ತವೆ, ಮಕ್ಕಳಿಗೆ ತಕ್ಕದ್ದಲ್ಲ. ಸಂಗೀತ ಶಾಲೆಗಳ ಹಗಲಿನ ಕಾರ್ಯಾಗಾರ, ವಿದ್ಯಾರ್ಥಿಗಳ ಜ್ಯಾಮ್ ಹುಡುಕಿ, ಮೊದಲೇ ಫೋನ್ ಮಾಡಿ ವಯಸ್ಸು ಹೇಳಿ.

ಅಲ್ಲಿ ಹೆಚ್ಚಿನ ಮಕ್ಕಳು ಎಡವುವುದು ಸ್ವರದಲ್ಲಲ್ಲ, ಆವರ್ತದಲ್ಲಿ. ತನ್ನ ಸರದಿಯಲ್ಲಿ ಮೈಮರೆತು ರಚನೆಯ ಯಾವ ಬಾರ್‌ನಲ್ಲಿದ್ದೇನೆ ಎಂಬುದೇ ತಪ್ಪಿಹೋಗುತ್ತದೆ. ಪರಿಹಾರ ಒಂದೇ: ನುಡಿಸುವಾಗಲೂ ಒಳಗೊಳಗೆ ಮೂಲ ಧಾಟಿ ಹಾಡಿಕೊಳ್ಳುತ್ತಿರಬೇಕು. ತಪ್ಪಿದರೆ ಕೈ ನಿಲ್ಲಿಸಿ ಬೇಸ್ ಕೇಳಬೇಕು, ತುಂಡಿನ ಶುರುವಿಗೆ ಸೇರಿಕೊಳ್ಳಬೇಕು. ಒಂದು ಅಥವಾ ಎರಡು ಸುತ್ತು ನುಡಿಸಿ, ತಲೆಯೆತ್ತಿ ಮುಂದಿನವರ ಕಣ್ಣು ನೋಡಿ ಬಿಟ್ಟುಕೊಡಬೇಕು. ಬೇರೆಯವರ ಸರದಿಯಲ್ಲಿ ಪಿಯಾನೊದವರು ಕಡಿಮೆ ನುಡಿಸಿದಷ್ಟೂ ಒಳ್ಳೆಯದು.

ವಿಡಿಯೊ ಈಗ ಬೇಡ. ಅಜ್ಜಿ–ತಾತನಿಗೆ ಕಳಿಸಲು ತೆಗೆಯಿರಿ, ಜಗತ್ತಿಗೆ ಹಾಕಬೇಡಿ. ಹಾಕಿದೊಡನೆ ಮಗು ಹೊಗಳಿಕೆ ಬಂದ ತುಣುಕನ್ನೇ ಮತ್ತೆ ಮತ್ತೆ ನುಡಿಸತೊಡಗುತ್ತದೆ, ಮನೋಧರ್ಮ ಬಾಯಿಪಾಠವಾಗುತ್ತದೆ. ಎರಡು ಮೂರು ವರ್ಷದ ಮೇಲೆ, ಬೇಸ್ ಮತ್ತು ಡ್ರಮ್ಸ್ ನುಡಿಸುವ ಮನುಷ್ಯರ ಜೊತೆ ನುಡಿಸುವಂತಾದಾಗ ಮಾಡಿ. ಆಗಲೂ ಖಾತೆ ನಿಮ್ಮ ಹೆಸರಿನಲ್ಲಿರಲಿ, ಶಾಲೆಯ ಹೆಸರು, ಸಮವಸ್ತ್ರ ಕಾಣದಿರಲಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತಿರಲಿ, ಮುಖವೂ ಎರಡೂ ಕೈಗಳೂ ಒಂದೇ ಚೌಕಟ್ಟಿನಲ್ಲಿ ಕಾಣಲಿ, ಕತ್ತರಿಸದ ಒಂದೇ ಟೇಕ್ ಇರಲಿ. ತಿಳಿದವರು ನೋಡುವುದು ಅದನ್ನೇ. ಫೋನಿನ ಮೈಕ್ ತಾನಾಗಿ ದನಿ ಏರಿಸಿ ಇಳಿಸಿ ಮೆಲುಸ್ವರ, ಜೋರುಸ್ವರದ ವ್ಯತ್ಯಾಸವನ್ನೇ ತಿಂದುಹಾಕುತ್ತದೆ. ಡಿಜಿಟಲ್ ಪಿಯಾನೊ ಆದರೆ ಅದರ ಲೈನ್ ಔಟ್‌ನಿಂದ ಆಡಿಯೊ ಇಂಟರ್‌ಫೇಸ್ ಮೂಲಕ ರೆಕಾರ್ಡ್ ಮಾಡಿ, ಅತಿ ಜೋರಾದ ಕಡೆ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ.

ವಿದೇಶದ ಮಾತು ದೂರದ್ದು, ಆದರೂ ಕೇಳುವವರು ಬಹಳ, ಅದಕ್ಕೆ ಹೇಳುತ್ತೇನೆ. ಜೋಯಿಯಂಥ ಕಲಾವಿದರು ಅಮೆರಿಕದಲ್ಲಿ ಕೆಲಸ ಮಾಡುವುದು ಓ-1 ಎಂಬ ವೀಸಾದಲ್ಲಿ. ಅದಕ್ಕೆ ಕನಿಷ್ಠ ವಯಸ್ಸೇನೂ ಇಲ್ಲ, ಆದರೆ ಕಲಾವಿದ ತಾನೇ ಅರ್ಜಿ ಹಾಕಿಕೊಳ್ಳಲಾಗುವುದಿಲ್ಲ. ಅಮೆರಿಕದ ಸಂಸ್ಥೆಯೋ ಏಜೆಂಟೋ ಐ-129 ನಮೂನೆಯಲ್ಲಿ ಸಲ್ಲಿಸಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಕಛೇರಿಗಳ ದಾಖಲೆ, ಪತ್ರಿಕಾ ವಿಮರ್ಶೆ, ಪರಿಣತರ ಪತ್ರ. ವೀಕ್ಷಣೆಯ ಸಂಖ್ಯೆಯನ್ನಷ್ಟೇ ನಂಬಿಕೊಂಡರೆ ನಡೆಯದು. ಮೊದಲ ಸಲ ಹೆಚ್ಚೆಂದರೆ ಮೂರು ವರ್ಷಕ್ಕೆ ಸಿಗುತ್ತದೆ. ಇನ್ನು ಈ ಕೆಲಸದ ವೀಸಾ ಇರುವವರ ಮೇಲೆ ಅವಲಂಬಿತರಾಗಿ ಓ-3ರಲ್ಲಿ ಹೋದವರು ಅಲ್ಲಿ ದುಡಿಯುವಂತಿಲ್ಲ. ಹಣ ತೆಗೆದುಕೊಂಡು ‘ನಿಮ್ಮ ಮಗುವನ್ನು ನ್ಯೂಯಾರ್ಕಿನಲ್ಲಿ ನುಡಿಸುತ್ತೇವೆ’ ಎನ್ನುವವರು ಬಂದರೆ ಬಾಗಿಲು ಹಾಕಿ. ಕರೆಸುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ.

ಇನ್ನು, ಅವಳು ಏನು ಕೇಳಬೇಕು? ಜೋಯಿಯ ಮೊದಲ ಆಲ್ಬಮ್ ಒಂದೇ ಅಲ್ಲ, ಆಮೇಲಿನವನ್ನೂ ಕೇಳಿಸಿ. 2020ರಲ್ಲಿ ವರ್ವ್ ಕಂಪನಿಯಿಂದ ಬಂದ ಆಲ್ಬಮ್ಮಿನ ಹೆಸರು ‘ವರ್ನ’. ಇಂಡೋನೇಷ್ಯಾದ ಭಾಷೆಯಲ್ಲಿ ಅದರ ಅರ್ಥ ಬಣ್ಣ. ನಮ್ಮ ವರ್ಣವೇ ಅದು, ಸಂಸ್ಕೃತದಿಂದ ಅಲ್ಲಿಗೂ ಹೋದದ್ದು. ಅದರಲ್ಲಿ ಹೆಚ್ಚಿನವು ಅವನದೇ ರಚನೆಗಳು. 2022ರ ‘ಒರಿಜಿನ್’ನಲ್ಲಿ ಎಲ್ಲವೂ. ಹನ್ನೊಂದರಲ್ಲಿ ಪ್ರತಿ ಬಾರ್‌ಗೂ ಏನಾದರೊಂದು ತುಂಬುತ್ತಿದ್ದ ಕೈ ಹದಿನೆಂಟರ ಹೊತ್ತಿಗೆ ಎಷ್ಟು ಬಿಡಲು ಕಲಿತಿದೆ ಎಂಬುದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೇಳಿಸುತ್ತದೆ. ನನ್ನ ಮಟ್ಟಿಗೆ ಗ್ರ್ಯಾಮಿ ನಾಮನಿರ್ದೇಶನಕ್ಕಿಂತ ಇದು ದೊಡ್ಡದು. ಬಾಲಪ್ರತಿಭೆ ಎನಿಸಿಕೊಂಡು ಹದಿನಾಲ್ಕು ದಾಟಿದ ಮೇಲೆ ಕಳೆದುಹೋಗುವವರು ಹೆಚ್ಚು. ಇವನು ರಚನಕಾರನಾಗಿ ದಾಟಿದ. ಮಗಳಿಗೆ ಹೇಳಿ: ಈ ವಾರ ‘ವೆಲ್, ಯೂ ನೀಡಂಟ್’ನ ಮೊದಲ ಎಂಟು ಬಾರ್, ಮಾಂಕ್‌ನ ಸ್ವಂತ ರೆಕಾರ್ಡಿನಿಂದ, ಮೊದಲು ಬಾಯಲ್ಲಿ, ಆಮೇಲೆ ಬಲಗೈಯಲ್ಲಿ. ಎಡಗೈಗೆ ಮುಂದಿನ ವಾರ.